ಅಂಜದೀವವನ್ನು ಕಾಣುವ ಹಕ್ಕು

ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರಿಗೆ ಸಮುದ್ರದಲ್ಲಿರುವ ಅಂಜದೀವ ನಡುಗಡ್ಡೆಯ ವಿಸ್ತಾರವು ಸುಮಾರು ಒಂದೂವರೆ ಚದರ ಕಿಲೋಮೀಟರು ಮಾತ್ರ. ನಕಾಶೆಯಲ್ಲಿ ಅದನ್ನು ಕಂಡುಹಿಡಿಯಬೇಕಾದರೆ ಕಣ್ಣಿಗೆ ಕನ್ನಡಕ ಬೇಕು. ಆದರೆ ಹಿಂದುಸ್ಥಾನಕ್ಕೆ ಪರಕೀಯರು ಬಂದ ಚರಿತ್ರೆಯ ಆರಂಭದ ಪುಟಗಳಲ್ಲೊಂದು, ಅವರು ಇಲ್ಲಿಂದ ತೊಲಗಿದ ಚರಿತ್ರೆಯ ಕೊನೆಯ ಪುಟಗಳಲ್ಲೊಂದು, ಇವೆರಡೂ ಈ ಅಂಗೈಯಗಲ ನೆಲಕ್ಕೆ ಸೇರಿದವುಗಳೆಂದು ಹೇಳಿದರೆ ವಾಚಕರು ಅತಿಶಯೋಕ್ತಿಯೆಂದು ಭಾವಿಸಬಾರದು. ಇಂಥ ಸ್ಥಳವನ್ನು ಇಂದು ಸಾಮಾನ್ಯ ನಾಗರಿಕನು ದೂರದಿಂದ ನೋಡಬಹುದಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಈ ಸಂಗತಿಯನ್ನು ಕುರಿತು ನಾಲ್ಕು ಮಾತು ಹೇಳುವದು ಅವಶ್ಯವೆಂದು ನಾವು ತಿಳಿದಿರುತ್ತೇವೆ.

ವಾಸ್ಕೋ ಡ ಗಾಮನು ೧೪೯೮ರಲ್ಲಿ ಕಲ್ಲೀಕೋಟೆಯಿಂದ ಮರಳುವಾಗ ತಂಗಿ, ತನ್ನ ಹಡಗುಗಳನ್ನು ಶುದ್ಧಮಾಡಿಸಿಕೊಂಡದ್ದು ಇಲ್ಲಿ. ಏಳೇ ವರ್ಷಗಳಲ್ಲಿ, ಅಂದರೆ ೧೫೦೫ರಲ್ಲಿ, ವೈಸರಾಯ್ ಆಲ್ಮೇಡನು ಇಲ್ಲಿ ಕೋಟೆಯನ್ನು ಕಟ್ಟಿಸಿದನು. ಪೋರ್ತುಗೀಜರು ಬಹು ಬೇಗನೆ ತಾವೇ ಅದನ್ನು ಕೆಡವಿ ಹೊರಟುಹೋದರು. ಅದಕ್ಕೂ ಹಿಂದೆ ಈ ದ್ವೀಪವು ದೇವಿಯ ಸ್ಥಾನವಾಗಿತ್ತೆಂದೂ ಅಂಕೋಲೆಯ ಆರ್ಯಾದುರ್ಗೆಯು ಇಲ್ಲಿಂದಲೇ ಹೋದವಳೆಂದೂ ಭಕ್ತರು ನಂಬುತ್ತಾರೆ.

ಆಂಗ್ಲರ ಕಥೆಯಂತೂ ಇನ್ನೂ ವಿಚಿತ್ರವಾದದ್ದು. ೧೬೬೧ರ ವಿವಾಹದ ಕರಾರಿನಂತೆ ಪೋರ್ತುಗಾಲದ ರಾಜಕುಮಾರಿಯ ಬಳುವಳಿಯಾಗಿ ಮುಂಬಯಿಯು ಇಂಗ್ಲಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಬಂದಿತು. ಊರಿನ ಒಡೆಯರನ್ನು ಕೇಳದೆ ಊರನ್ನು ಬಳುವಳಿ ಕೊಡುವ ಈ ರಾಜನೀತಿಯ ಮಾತನ್ನು ಇಲ್ಲಿ ಬೆಳೆಸುವದಿಲ್ಲ. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ನನು ೧೬೬೨ರಲ್ಲಿ ಸುಮಾರು ೪೦೦ ಸೈನಿಕರೊಂದಿಗೆ ಬಂದಾಗ ಪೋರ್ತುಗೀಜ ಅಧಿಕಾರಿಗಳು ಕಾಗದಪತ್ರಗಳ ನೆವವೊಡ್ಡಿ ಊರನ್ನು ಬಿಟ್ಟುಕೊಡಲೊಲ್ಲದೆ ಹೋದರು. ಇಳಿಯಲು ನೆಲೆಯಿಲ್ಲದ ಆ ದಂಡು ಅಂಜದೀವವನ್ನು ಸೇರಿತು. ಮಳೆ, ಜ್ವರ, ಅನ್ನದ ಕೊರತೆ ಇವುಗಳಿಂದ ಒಬ್ಬೊಬ್ಬರಾಗಿ ಸಾಯತೊಡಗಿದರು. ೧೬೬೪ರಲ್ಲಿ ಶಿಪ್‌ಮನ್ನನೂ ತೀರಿಕೊಂಡನು. ೧೬೬೫ರಲ್ಲಿ ಹಂಫ್ರಿ ಕುಕ್ಕನು ಮುಂಬಯಿಯನ್ನು ಕೈಗೆ ತೆಗೆದುಕೊಳ್ಳುವಾಗ ಉಳಿದವರು ನೂರರ ಆಸುಪಾಸು. ಮೂರು ವರ್ಷಗಳ ತರುವಾಯ ಅದೇ ಮುಂಬಯಿಯು ವರ್ಷಕ್ಕೆ ೧೦ ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮುಂದೆ ಪಶ್ಚಿಮ ಹಿಂದುಸ್ಥಾನವನ್ನೆಲ್ಲ ಆಳಿದ ಸತ್ತೆಯು ಹೀಗೆ ಕಾರವಾರದ ಮಗ್ಗುಲಿನ ಒಂದು ಬಂಡೆಯ ಮೇಲೆ ಎರಡು ಮಳೆಗಾಲಗಳನ್ನು ಜ್ವರದಲ್ಲಿ ನರಳುತ್ತ ಕಳೆಯಿತು. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು?

ಸಂಭಾಜಿಯ ಭೀತಿಯಿಂದ ಪೋರ್ತುಗೀಜರು ೧೬೮೨ರಲ್ಲಿ ಹೊಸ ಕೋಟೆಗೆ ಕೈಹಾಕಿದರು. ಆ ಬಳಿಕ ಎರಡೂಮುಕ್ಕಾಲು ಶತಮಾನ ದ್ವೀಪವು ಅವರ ಕೈಯಲ್ಲಿಯೇ ಉಳಿಯಿತು. ಎದುರಿನ ದಡ ಕನ್ನಡನಾಡಿನದಾದರೂ ದ್ವೀಪ ಮಾತ್ರ ಇಂದಿಗೂ ದಫ್ತರದಲ್ಲಿ ಗೋವೆಗೆ ಸೇರಿರುವದು ಇದೇ ಕಾರಣದಿಂದ. ೧೯೬೧ರ ನವೆಂಬರದಲ್ಲಿ ಈ ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು; ಕೆಲ ದಿನಗಳಲ್ಲಿ ಒಬ್ಬ ಮೀನುಗಾರನು ಗುಂಡಿಗೆ ಬಲಿಯಾದನು. ಡಿಸೆಂಬರ ೧೮ರಂದು ‘ತ್ರಿಶೂಲ’ ಮತ್ತು ‘ಮೈಸೂರು’ ನೌಕೆಗಳ ಆಶ್ರಯದಲ್ಲಿ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. ಏಳು ಮಂದಿ ಅಲ್ಲಿಯೇ ಪ್ರಾಣಕೊಟ್ಟರು. ಅವರ ಸ್ಮಾರಕವು ಆ ದ್ವೀಪದ ಮೇಲಿದೆ. ಅದಕ್ಕೊಂದು ಹೂವೇರಿಸಬೇಕೆಂದರೆ ಜನರಿಗೆ ದಾರಿಯಿಲ್ಲ.

ದಾರಿ ಮುಚ್ಚಿದ್ದಕ್ಕೆ ಕಾರಣವು ಸಣ್ಣದಲ್ಲವೆಂಬುದನ್ನು ನಾವು ಬಲ್ಲೆವು. ೧೯೮೬ರಲ್ಲಿ ಅಡಿಗಲ್ಲಿಟ್ಟ ‘ಸೀಬರ್ಡ್’ ಯೋಜನೆಯ ಫಲವಾಗಿ ೨೦೦೫ರಲ್ಲಿ ‘ಕದಂಬ’ ನೌಕಾನೆಲೆಯು ಸ್ಥಾಪಿತವಾಯಿತು. ಅಲೆತಡೆಗೋಡೆಯಿಂದ ದ್ವೀಪವು ದಡಕ್ಕೆ ಕೂಡಿಕೊಂಡು ನೆಲೆಯ ಒಳಗೇ ಸೇರಿಹೋಗಿದೆ. ಈ ನೆಲೆಗಾಗಿ ಕಾರವಾರ ಅಂಕೋಲೆಗಳ ಜನರು ಮನೆ, ಗದ್ದೆ, ಮೀನುಗಾರಿಕೆಯ ದಡಗಳನ್ನು ಬಿಟ್ಟುಕೊಟ್ಟವರು. ದೇಶರಕ್ಷಣೆಯ ಬೆಲೆಯನ್ನು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ತಿರುಗಾಡುವಂತೆ ದ್ವೀಪವನ್ನು ತೆರೆದಿಡಿರೆಂದು ನಾವು ಕೇಳುವದಿಲ್ಲ. ಹಾಗೆ ಕೇಳುವದು ಅವಿವೇಕ. ಆದರೆ ಎಂದೆಂದಿಗೂ ಯಾರೂ ಬರಕೂಡದೆಂಬುದಕ್ಕೂ, ವರ್ಷಕ್ಕೆ ಒಂದೆರಡು ದಿನ ಗೊತ್ತಾದ ಜನರು ಗೊತ್ತಾದ ಹಾದಿಯಲ್ಲಿ ಬಂದು ಹೋಗಲಿ ಎಂಬುದಕ್ಕೂ ಬಹಳ ಅಂತರವಿದೆ. ನೌಕಾದಿನದ ಸುಮಾರಿಗೆ ಯುದ್ಧನೌಕೆಯನ್ನೇ ಶಾಲೆಯ ಮಕ್ಕಳಿಗೆ ಹತ್ತಿಸಿ ತೋರಿಸುವ ಪದ್ಧತಿ ನೌಕಾಪಡೆಯಲ್ಲಿರುವಾಗ, ಮುನ್ನೂರು ವರ್ಷಗಳ ಹಳೆಯ ಗೋಡೆಯಲ್ಲಿ ಮುಚ್ಚಿಡತಕ್ಕ ಗುಟ್ಟು ಯಾವದಿದ್ದೀತು?

ನೆರೆಯ ಉದಾಹರಣೆಗಳನ್ನು ನೋಡಿರಿ. ಕಾರವಾರದ ಎದುರಿನ ಕೂರ್ಮಗಡವೂ ಕೋಟೆಯಿದ್ದ ನಡುಗಡ್ಡೆಯೇ. ವರ್ಷಕ್ಕೊಮ್ಮೆ ನರಸಿಂಹನ ಜಾತ್ರೆಗೆ ಜನರು ದೋಣಿಗಳಲ್ಲಿ ಹೋಗಿ ಬರುತ್ತಾರೆ. ಉತ್ತರದಲ್ಲಿ ಮಾಲವಣದೆದುರು ಶಿವಾಜಿಯು ೧೬೬೪ರಲ್ಲಿ ಆರಂಭಿಸಿ ಕಟ್ಟಿಸಿದ ಸಿಂಧುದುರ್ಗಕ್ಕೆ ಮಳೆಗಾಲವೊಂದನ್ನು ಬಿಟ್ಟರೆ ದೋಣಿಗಳ ಓಡಾಟವಿದ್ದೇ ಇದೆ. ೨೦೨೫ರಲ್ಲಿ ಅದು ಇತರ ಹನ್ನೊಂದು ದುರ್ಗಗಳೊಡನೆ ವಿಶ್ವಪರಂಪರೆಯ ಪಟ್ಟಿಯನ್ನೂ ಸೇರಿತು. ಜನರು ನೋಡುವ ಕೋಟೆಗೆ ಕೇಳುವವರಿರುತ್ತಾರೆ; ಒಂದು ಕಲ್ಲು ಜಾರಿದರೆ ಪತ್ರಿಕೆಗೆ ಬರೆಯುವವರಿರುತ್ತಾರೆ. ಅಂಜದೀವದ ಬುರುಜುಗಳಲ್ಲಿ ಎಷ್ಟು ನಿಂತಿವೆ, ಎಷ್ಟಕ್ಕೆ ಮರದ ಬೇರು ಇಳಿದಿದೆ ಎಂಬುದನ್ನು ಕೇಳುವವರು ಯಾರು?

ಅಲ್ಲಿಯ ಬುಗ್ಗೆಗಳ ಮಾತೆಯ ಇಗರ್ಜಿಯಲ್ಲಿ ಫೆಬ್ರವರಿ ೨ ಮತ್ತು ಅಕ್ಟೋಬರ ೪ರಂದು ಹಬ್ಬಕ್ಕೆ ಜನರು ಸೇರುವ ರೂಢಿಯು ಹಿಂದೆ ಇದ್ದಿತು. ಆ ಎರಡು ದಿನಗಳನ್ನೂ ಅದಕ್ಕೆ ಕೂಡಿಸಿ ಡಿಸೆಂಬರ ೧೮ನ್ನೂ ಗೊತ್ತುಮಾಡಿದರೆ ಸಾಕೆಂದು ನಮ್ಮ ಸೂಚನೆ. ಬರುವವರ ಹೆಸರುಗಳನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ತಿಂಗಳು ಮೊದಲೇ ಬರೆಯಿಸಿಕೊಳ್ಳಲಿ; ದೋಣಿಯೂ ನೌಕಾಪಡೆಯದೇ ಇರಲಿ; ಕ್ಯಾಮೆರಾ, ದೂರವಾಣಿಗಳನ್ನು ದಡದಲ್ಲಿಯೇ ಇರಿಸಿಕೊಳ್ಳಲಿ. ಅದಕ್ಕೂ ಮೊದಲು ಪುರಾತತ್ವ ಇಲಾಖೆಯವರು ಕೋಟೆಯ ಅಳತೆ ತೆಗೆದು, ನೌಕಾಪಡೆಯು ಒಪ್ಪುವಷ್ಟು ವಿವರವನ್ನು ಕಾರವಾರದಲ್ಲಿಯೂ ಪಣಜಿಯಲ್ಲಿಯೂ ಸಾರ್ವಜನಿಕರು ಓದುವಂತೆ ಇಡಬೇಕು. ದ್ವೀಪವು ಗೋವೆಯದು, ದಡವು ನಮ್ಮದು, ಕಾವಲು ಕೇಂದ್ರ ಸರಕಾರದ್ದು ಎಂಬ ನೆವದಿಂದ ಈ ಕೆಲಸವು ಯಾರದೂ ಅಲ್ಲದಂತಾಗಿದೆ. ಉತ್ತರ ಕನ್ನಡದ ಪ್ರತಿನಿಧಿಗಳು ಗೋವೆಯ ಪ್ರತಿನಿಧಿಗಳೊಡನೆ ಕೂಡಿ ರಕ್ಷಣಾ ಮಂತ್ರಿಗಳಿಗೆ ಒಂದು ಮನವಿಯನ್ನು ಬರೆಯಲಿ. ಬರುವ ಡಿಸೆಂಬರಕ್ಕೆ ಆ ಏಳು ನಾವಿಕರ ಸ್ಮಾರಕದ ಮುಂದೆ ಮೊದಲನೆಯ ದೋಣಿಯವರು ನಿಲ್ಲುವಂತಾಗಲಿ.