ಇಂಗ್ಲಿಷ್ ಉತ್ತರ ಗೈಡಿನದ್ದೋ, ಮಕ್ಕಳದ್ದೋ?

ಹತ್ತನೇ ತರಗತಿ ಮುಗಿಸಿ ಮಕ್ಕಳು ಪಿಯುಸಿಗೋ, ಸಿಬಿಎಸ್‌ಇ ಹನ್ನೊಂದಕ್ಕೋ ಸೇರಿದ ಕೂಡಲೇ ನಮ್ಮ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಫಿಸಿಕ್ಸಿಗೆ ಟ್ಯೂಷನ್ ಎಲ್ಲಿ, ನೀಟ್ ಕೋಚಿಂಗಿಗೆ ಫೀಸು ಎಷ್ಟು ಅಂತ. ಇಂಗ್ಲಿಷ್ ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ‘ಅದು ಲ್ಯಾಂಗ್ವೇಜ್ ಅಲ್ವಾ, ಹೇಗೂ ಪಾಸಾಗ್ತದೆ’ ಎಂದು ಬಿಟ್ಟುಬಿಡುತ್ತೇವೆ. ನೀಟ್‌ನಲ್ಲಿ ಇಂಗ್ಲಿಷ್ ಪತ್ರಿಕೆ ಇಲ್ಲ ಎನ್ನುವುದು ನಿಜವೇ. ಆದರೆ ಡಾಕ್ಟರ್ ಆಗದ ಮಕ್ಕಳೇ ಎಲ್ಲ ಸಮುದಾಯಗಳಲ್ಲೂ ಹೆಚ್ಚು, ನಮ್ಮಲ್ಲೂ ಹೆಚ್ಚು.

ಈ ಹಂತದ ಇಂಗ್ಲಿಷ್ ಮಕ್ಕಳಿಂದ ಕೇಳುವುದು ಎಂತ ಎಂದು ಒಮ್ಮೆ ನೋಡಿ. ಊರಿನ ಮತ್ತು ಗಲ್ಫಿನ ಎಷ್ಟೋ ಶಾಲೆಗಳಲ್ಲಿ ನಮ್ಮ ಮಕ್ಕಳು ಓದುವ ಸಿಬಿಎಸ್‌ಇ 12ನೇ ತರಗತಿಯ ಇಂಗ್ಲಿಷ್ ಕೋರ್‌ನಲ್ಲಿ, ಮೊದಲು ನೋಡಿರದ ಭಾಗವನ್ನು ಓದಿ ಉತ್ತರಿಸುವುದಕ್ಕೆ 22 ಅಂಕ, ಪತ್ರ-ಲೇಖನ ಬರೆಯುವುದಕ್ಕೆ 18, ಕೇಳುವುದು, ಮಾತಾಡುವುದು ಮತ್ತು ಪ್ರಾಜೆಕ್ಟಿಗೆ 20. ಪಾಠ-ಪದ್ಯಗಳಿಗೆ ಉಳಿಯುವುದು ನೂರರಲ್ಲಿ 40 ಮಾತ್ರ. ಗೈಡಿನ ಕೈ ಹೆಚ್ಚೆಂದರೆ ಈ ನಲವತ್ತಕ್ಕೆ ಎಟಕುತ್ತದೆ.

ಆ ನಲವತ್ತರಲ್ಲೂ ಬಾಯಿಪಾಠಕ್ಕೆ ಮಿತಿ ಇದೆ. ಫ್ಲೆಮಿಂಗೊ ಪುಸ್ತಕದಲ್ಲಿ ಅನೀಸ್ ಜಂಗ್ ಬರೆದ ‘ಲಾಸ್ಟ್ ಸ್ಪ್ರಿಂಗ್’ ಎಂಬ ಪಾಠವಿದೆ. ಫಿರೋಝಾಬಾದಿನ ಬಳೆ ಕೆಲಸಗಾರರ ಮನೆಯ ಮುಕೇಶ್ ಮೋಟಾರ್ ಮೆಕ್ಯಾನಿಕ್ ಆಗಬೇಕೆಂದು ಬಯಸುತ್ತಾನೆ. ತಲೆಮಾರಿನಿಂದ ತಲೆಮಾರಿಗೆ ಅದೇ ಕುಲುಮೆ, ಅದೇ ಸಾಲ, ಅದೇ ಮಧ್ಯವರ್ತಿಗಳು. ಜನ ಯಾಕೆ ಅದರಿಂದ ಹೊರಬರಲು ಆಗುವುದಿಲ್ಲ ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ಗೈಡಿನ ನಾಲ್ಕು ವಾಕ್ಯ ಒಪ್ಪಿಸುತ್ತಾರೆ. ಅದೇ ಮಕ್ಕಳಲ್ಲಿ ಎಷ್ಟೋ ಮಂದಿಯ ಉಮ್ಮ, ಇಲ್ಲವೇ ಉಮ್ಮನ ಉಮ್ಮ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿದವರು. ಬ್ರಾಂಚಿನಲ್ಲಿ ಬೀಡಿ ಸರಿಯಿಲ್ಲ ಎಂದು ತೆಗೆದು ಹಾಕಿದಾಗ ಕೂಲಿ ಹೇಗೆ ಕಡಿಮೆಯಾಗುತ್ತದೆ, ಶಾಲೆ ಫೀಸಿನ ದಿನ ಮನೆಯಲ್ಲಿ ಎಂಥ ಮೌನ ಇರುತ್ತದೆ ಎಂಬುದು ಆ ಮನೆಗಳಿಗೆ ಗೊತ್ತು. ಫಿರೋಝಾಬಾದನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ದೊಡ್ಡ ಟಿಪ್ಪಣಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ತನಗೆ ಗೊತ್ತಿರುವ ಬದುಕಿನ ಮೂಲಕ ಪಾಠವನ್ನು ಓದಿ, ತನ್ನದೇ ವಾಕ್ಯದಲ್ಲಿ ಹೇಳುವುದು ಈ ತರಗತಿಯ ನಿಜವಾದ ಬೇಡಿಕೆ. ಪಾಠ ಪೂರ್ತಿ ಓದದೆ ಸಾರಾಂಶ ಮಾತ್ರ ನೋಡಿದವರಿಗೆ ಇದು ಸಾಧ್ಯವಿಲ್ಲ.

ಮುಂದೆ ಇದು ಎಲ್ಲಿ ಉಪಯೋಗ ಎಂದು ಕೇಳುವವರಿದ್ದಾರೆ. ಕಾನೂನು ಓದಬಯಸುವ ಹಲವರು ಬರೆಯುವ ಕ್ಲಾಟ್‌ನಲ್ಲಿ ಎರಡು ಗಂಟೆಗೆ 120 ಪ್ರಶ್ನೆ, ಎಲ್ಲವೂ ಓದಿ ಅರ್ಥ ಮಾಡಿಕೊಳ್ಳಬೇಕಾದವೇ. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ನಲ್ಲಿ ಸುಮಾರು 40 ನಿಮಿಷದಲ್ಲಿ 250 ಪದಗಳ ಪ್ರಬಂಧ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ.

ಹೆತ್ತವರಿಗೆ ಇಂಗ್ಲಿಷ್ ಬಾರದಿದ್ದರೆ ಏನೂ ತೊಂದರೆಯಿಲ್ಲ. ಇವತ್ತು ಓದಿದ ಪಾಠದ ಕಥೆ ಹೇಳು ಎಂದು ಬ್ಯಾರಿ ಭಾಷೆಯಲ್ಲೇ ಕೇಳಿ. ‘ನಿನಗೆ ಎಂತ ಅನಿಸ್ತು? ಯಾಕೆ?’ ಎಂದು ಬಿಡದೆ ಕೇಳಿ. ಮನೆಮಾತಿನಲ್ಲಿ ಕಾರಣ ಕೊಟ್ಟು ವಾದಿಸಲು ಕಲಿತವರಿಗೆ ಇಂಗ್ಲಿಷಿನಲ್ಲಿ ಹುಡುಕಬೇಕಾದ್ದು ಪದ ಮಾತ್ರ. ದೊಡ್ಡವರ ಮುಂದೆ ಬಾಯಿ ತೆರೆಯಬೇಡ ಎಂದು ಹೆಣ್ಮಕ್ಕಳನ್ನು ಸುಮ್ಮನಾಗಿಸುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮಾತಾಡುವುದಕ್ಕೂ ಅಂಕ ಇದೆ ಎಂದು ಮೇಲೆಯೇ ಹೇಳಿದ್ದೇವೆ.

ಅಧ್ಯಾಪಕರಲ್ಲೂ ಒಂದು ವಿನಂತಿ. ಗೈಡಿನ ತಪ್ಪಿಲ್ಲದ ಉತ್ತರಕ್ಕಿಂತ, ಎರಡು ವ್ಯಾಕರಣ ತಪ್ಪಿರುವ ಸ್ವಂತ ಉತ್ತರಕ್ಕೆ ಒಂದು ಅಂಕ ಹೆಚ್ಚೇ ಕೊಡಿ. ಮಕ್ಕಳು ಬೇಗ ಗುರುತಿಸುತ್ತಾರೆ.

ಇನ್ನು ನಮ್ಮ ಜಮಾಅತ್‌ಗಳು, ಸಂಘಟನೆಗಳು. ಪ್ರತಿಭಾ ಪುರಸ್ಕಾರಕ್ಕೆ ಅಂಕಪಟ್ಟಿಯ ಝೆರಾಕ್ಸ್ ಕೇಳುವಾಗ ಅದರೊಟ್ಟಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಸ್ವಂತ ಬರಹವನ್ನೂ ಕೇಳಿ ನೋಡಿ. ವಿಷಯ ದೊಡ್ಡದು ಬೇಡ, ಉಮ್ಮನ ಕೆಲಸ ಎಂದಿದ್ದರೂ ಸಾಕು. ಸಭೆಯಲ್ಲೇ ಕೂರಿಸಿ ಬರೆಸಿದರೆ ಇನ್ನೂ ಒಳ್ಳೆಯದು, ಮೊಬೈಲ್ ಹೊರಗಿಟ್ಟು. ಓದಿ ನೋಡಲು ಊರಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಬ್ಬರಾದರೂ ಸಿಗುತ್ತಾರೆ. ಖರ್ಚು ಎಂದರೆ, ವೇದಿಕೆಯ ಮೇಲಿನ ಅತಿಥಿಗಳಿಗೆ ಎರಡು ಶಾಲು ಕಡಿಮೆ ತಂದರಾಯಿತು.