ಲೂಯಿವಿಲ್ಲಿನಲ್ಲಿ ಎರಡು ರಾತ್ರಿ

ಈ ಅಂಕಣದಲ್ಲಿ ಮದ್ಯದ ವಿಷಯ ಬರೆಯುವ ಪ್ರಸಂಗ ಒದಗೀತೆಂದು ನಾನೆಂದೂ ಎಣಿಸಿರಲಿಲ್ಲ. ಕಾಫಿಯ ಹೊರತು ಬೇರಾವ ಪಾನೀಯದ ಮರ್ಮವೂ ನನಗೆ ತಿಳಿಯದು. ಆದರೆ ಅಮೆರಿಕಕ್ಕೆ ಹೊರಟಿರುವ ವಾಚಕರೊಬ್ಬರು, ಕೆಂಟಕಿ ಸಂಸ್ಥಾನದ ಬೋರ್ಬನ್ ವಿಸ್ಕಿಯನ್ನು ಮೆಚ್ಚುವವರು ಲೂಯಿವಿಲ್ಲಿನಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಏನೇನು ನೋಡಬೇಕು ಎಂದು ಕೇಳಿ ಪತ್ರ ಬರೆದಿದ್ದಾರೆ. ಉತ್ತರ ಹೇಳುವ ಅರ್ಹತೆ ನನಗುಂಟು. ಆ ಊರಿನ ಹೆಸರಾಂತ ಪಾನಗೃಹಗಳಲ್ಲಿ ಕೆಲವನ್ನು ನಾನು ಒಂದು ತೊಟ್ಟನ್ನೂ ಮುಟ್ಟದೆ ಸುತ್ತಿ ಬಂದವನು. ಹಾಗೆ ಸುತ್ತಿದ್ದೇಕೆ ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ನನ್ನ ಬಾಲ್ಯಮಿತ್ರರೊಬ್ಬರು ಎಂಜಿನಿಯರಾಗಿ ನಮ್ಮ ನಾಡಿನ ಎಷ್ಟೋ ಹೊಳೆಗಳಿಗೆ ಸೇತುವೆ ಕಟ್ಟಿಸಿದವರು. ದಿನವೆಲ್ಲ ಬಿಸಿಲಿನಲ್ಲಿ ನಿಂತು, ಸಂಜೆ ಪ್ರವಾಸಿ ಬಂಗಲೆಯಲ್ಲಿ ಕುಳಿತಾಗ ಆರಂಭವಾದ ಒಂದು ಗುಟುಕು, ಕ್ರಮೇಣ ಅವರನ್ನೇ ನುಂಗತೊಡಗಿತು. ಆ ವರ್ಷಗಳಲ್ಲಿ ಅವರ ಮನೆಯಾಕೆ ಪಟ್ಟ ಪಾಡನ್ನು ಕಣ್ಣಾರೆ ಕಂಡವನು ನಾನು. ಕೊನೆಗೆ ವೈದ್ಯರು, "ಇನ್ನೊಂದು ಲೋಟವೆಂದರೆ ನಿಮ್ಮ ಯಕೃತ್ತು ನಿಮ್ಮದಲ್ಲ" ಎಂದರು. ಅಂದಿಗೆ ಬಿಟ್ಟರು. ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅದನ್ನು ನೋಡಿ ಸಂತೋಷಪಡಲು ಮನೆಯಾಕೆ ಎರಡೇ ವರ್ಷ ಉಳಿದರು.

ಮಿತ್ರರು ಮಗಳ ಮನೆಯೆಂದು ಸಿನ್ಸಿನಾಟಿಗೆ ಬಂದಿದ್ದರು; ನಾನೂ ಅದೇ ಊರಿನಲ್ಲಿ ಮಗನ ಮನೆಯಲ್ಲಿದ್ದೆ. ಒಂದು ದಿನ ಅವರು, "ಇಲ್ಲಿಂದ ನೂರು ಮೈಲಿಯಲ್ಲಿ ಲೂಯಿವಿಲ್ ಇದೆ. ನನ್ನನ್ನು ಅರ್ಧ ಆಯುಷ್ಯ ಆಳಿದವನ ರಾಜಧಾನಿಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕು" ಎಂದರು. ಮಗಳ ಮುಖ ಬಿಳಿಚಿತು. ಬಹಳ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿ, "ಮಾಮ, ನೀವು ಜೊತೆಗಿರುವುದಾದರೆ ಮಾತ್ರ" ಎಂದಳು. ಹೀಗೆ ನಾನು ಕಾವಲುಗಾರನಾಗಿ ಹೊರಟೆ.

ಊರಿನ ಹೆಸರಿನಲ್ಲೇ ಒಂದು ತಮಾಷೆಯಿದೆ. 1778ರಲ್ಲಿ ಓಹಾಯೋ ನದಿಯ ಅಬ್ಬಿಯ ಬಳಿ ನೆಲೆಗೊಂಡ ಈ ಊರಿಗೆ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಹೆಸರಿಟ್ಟರು. ಆ ದೊರೆಯ ಮನೆತನದ ಹೆಸರು ಬೋರ್ಬನ್. ಆ ಹೆಸರು ಶೀಸೆಯ ಮೇಲೆ ಬಂದ ದಾರಿಯ ಬಗ್ಗೆ ಪಂಡಿತರಲ್ಲಿ ಎರಡು ಪಕ್ಷಗಳಿವೆ. ಏನೇ ಇರಲಿ, ದೊರೆ ತಲೆ ಕಳೆದುಕೊಂಡ. ಅವನ ವಂಶನಾಮ ಇಂದಿಗೂ ಇತರರ ತಲೆಗೇರುತ್ತಿದೆ!

ನಾವು ಇಳಿದುಕೊಂಡದ್ದು ನಾಲ್ಕನೆಯ ಬೀದಿಯ ಸೀಲ್‌ಬಾಕ್ ಹೋಟೆಲಿನಲ್ಲಿ. ಜರ್ಮನಿಯ ಬವೇರಿಯಾ ಪ್ರಾಂತದಿಂದ ಬಂದ ಸೋದರರಿಬ್ಬರು 1905ರಲ್ಲಿ ತೆರೆದ ಭವನವಿದು. ಒಳಹೊಕ್ಕರೆ ಅಮೃತಶಿಲೆಯ ವಿಶಾಲ ಹಜಾರ, ಮೇಲೆ ಕೆಂಟಕಿಯ ಆದಿನಿವಾಸಿಗಳ ಹಾಗೂ ವಲಸಿಗರ ಭಿತ್ತಿಚಿತ್ರಗಳು. ನೆಲಮಾಳಿಗೆಯಲ್ಲಿ ರೂಕ್‌ವುಡ್ ಕುಂಭಕಲೆಯ ಹೆಂಚುಗಳಿಂದಲೇ ಕಟ್ಟಿದ ರಾಟ್ಸ್‌ಕೆಲ್ಲರ್ ಎಂಬ ಸಭಾಂಗಣವಿದೆ. ಅದರ ಕಂಬಗಳ ತುದಿಯಲ್ಲಿ ಪೆಲಿಕನ್ ಹಕ್ಕಿಗಳು ಕುಳಿತಿವೆ. 1918ರಲ್ಲಿ ಈ ಊರಿನ ಸೈನ್ಯ ಶಿಬಿರದಲ್ಲಿದ್ದ ತರುಣ ಸೈನಿಕ ಸ್ಕಾಟ್ ಫಿಟ್ಜೆರಾಲ್ಡ್, ಮುಂದೆ 1925ರಲ್ಲಿ ಪ್ರಕಟವಾದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯಲ್ಲಿ ನಾಯಕಿಯ ಮದುವೆಯನ್ನು ಇದೇ ಲೂಯಿವಿಲ್ಲಿನಲ್ಲಿ ಮಾಡಿಸಿದ.

ಈ ಹೋಟೆಲಿನ ಹೆಸರಿನಲ್ಲಿ ಒಂದು ಮಿಶ್ರಪಾನವೂ ಪ್ರಸಿದ್ಧವಾಗಿದೆ. ಪಾನನಿಷೇಧಕ್ಕೂ ಮೊದಲಿನ ಪಾಕವಿಧಾನವೊಂದು ಸಿಕ್ಕಿತೆಂದು 1990ರ ದಶಕದಲ್ಲಿ ಇಲ್ಲಿನ ಉದ್ಯೋಗಿಯೊಬ್ಬ ಸಾರಿದ. ಗ್ರಂಥಗಳೂ ಅದನ್ನು ನಂಬಿದವು. 2016ರಲ್ಲಿ ಆತನೇ, ಅದೆಲ್ಲ ತನ್ನ ಕಲ್ಪನೆ ಎಂದು ಒಪ್ಪಿಕೊಂಡ. ಪಾನ ಮಾತ್ರ ಈಗಲೂ ಬಿಕರಿಯಾಗುತ್ತಿದೆ. "ಕುಡುಕರಿಗೆ ಸುಳ್ಳು ಹೊಸದಲ್ಲ. ನಾನೂ ಮನೆಯಲ್ಲಿ ಎಷ್ಟು ಹೇಳಿದ್ದೇನೆ" ಎಂದರು ಮಿತ್ರರು. ನಾನು ನಗಲಿಲ್ಲ.

ಅದೇ ಬೀದಿಯಲ್ಲಿ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ 1923ರ ಬ್ರೌನ್ ಹೋಟೆಲು. ಅದರ ಹಜಾರದ ಬಾರಿನಲ್ಲಿ ಗದ್ದಲವಿಲ್ಲ. ವಯಸ್ಸಾದವರು ಕುಳಿತು ಮಾತನಾಡಬಹುದು. 1926ರಲ್ಲಿ ಇಲ್ಲಿನ ಬಾಣಸಿಗ ಸೃಷ್ಟಿಸಿದ 'ಹಾಟ್ ಬ್ರೌನ್' ಎಂಬ ತಿಂಡಿ ಊರಿಗೇ ಕಿರೀಟಪ್ರಾಯ; ಆದರೆ ಟರ್ಕಿ ಕೋಳಿ, ಹಂದಿಮಾಂಸಗಳಿಲ್ಲದೆ ಅದಿಲ್ಲವಾದ್ದರಿಂದ ನಾನು ಸುಟ್ಟ ರೊಟ್ಟಿಗೆ ತೃಪ್ತನಾದೆ. ನದಿಯ ದಂಡೆಯ ಮೇಲೆ ಬೇಕೆಂಬುವವರಿಗೆ ಗಾಲ್ಟ್ ಹೌಸ್ ಇದೆ. 1842ರಲ್ಲಿ ಡಿಕನ್ಸ್ ಮಹಾಶಯ ತಂಗಿದ್ದ ಗಾಲ್ಟ್ ಹೌಸ್ ಎಂದೋ ಅಳಿದು, ಹೆಸರು ಮಾತ್ರ ಹೊಸ ಕಟ್ಟಡಕ್ಕೆ ಬಂದಿದೆ. ಚಿತ್ರಕಲೆಯ ಹುಚ್ಚಿದ್ದವರು ಮುಖ್ಯಬೀದಿಯಲ್ಲಿ 2006ರಲ್ಲಿ ಆರಂಭವಾದ 'ಟ್ವೆಂಟಿಒನ್ ಸಿ' ಹೋಟೆಲಿನಲ್ಲಿ ಇಳಿಯಲಿ. ಅದು ಅರ್ಧ ಕಲಾಶಾಲೆ. ಅಲ್ಲಿ ಕೆಂಪು ಪೆಂಗ್ವಿನ್ ಬೊಂಬೆಗಳು ನಿಂತಲ್ಲಿ ನಿಲ್ಲದೆ ದಿನಕ್ಕೊಂದು ಕಡೆ ಕಾಣಿಸಿಕೊಳ್ಳುತ್ತವೆ.

ಮುಖ್ಯಬೀದಿಯ ಒಂದು ಭಾಗಕ್ಕೆ 'ವಿಸ್ಕಿ ರೋ', ಎಂದರೆ ವಿಸ್ಕಿಯ ಸಾಲು, ಎಂದೇ ಹೆಸರು. ನೂರು ವರ್ಷಗಳ ಹಿಂದೆ ವ್ಯಾಪಾರಿಗಳ ಕಚೇರಿಗಳೂ ಉಗ್ರಾಣಗಳೂ ಇಲ್ಲಿದ್ದವು. 2015ರ ಜುಲೈಯಲ್ಲಿ ಬೆಂಕಿ ಬಿದ್ದು ಒಳಭಾಗ ಸುಟ್ಟರೂ, ಹಳೆಯ ಮುಖಭಾಗಗಳನ್ನು ಉಳಿಸಿಕೊಂಡು ಮತ್ತೆ ಕಟ್ಟಿದ್ದಾರೆ. ಇಲ್ಲಿನ ಫ್ರೇಜಿಯರ್ ಇತಿಹಾಸ ವಸ್ತುಸಂಗ್ರಹಾಲಯದಿಂದ ಯಾತ್ರೆಯನ್ನು ಆರಂಭಿಸುವುದು ಕ್ರಮ. 2013ರಲ್ಲಿ ತೆರೆದ ಇವಾನ್ ವಿಲಿಯಮ್ಸ್ ಭಟ್ಟಿಯೂ, 2018ರಲ್ಲಿ ತನ್ನ ಹಳೆಯ ಸ್ಥಾನಕ್ಕೇ ಮರಳಿದ ಓಲ್ಡ್ ಫಾರೆಸ್ಟರ್ ಭಟ್ಟಿಯೂ ಇದೇ ಬೀದಿಯಲ್ಲಿವೆ. ಎರಡನೆಯದರಲ್ಲಿ ಪೀಪಾಯಿ ಮಾಡುವುದನ್ನೂ ಅದರ ಒಳಮೈಯನ್ನು ಬೆಂಕಿಯಲ್ಲಿ ಸುಡುವುದನ್ನೂ ಕಣ್ಣೆದುರು ತೋರಿಸುತ್ತಾರೆ.

ಬೋರ್ಬನ್ನಿನ ಗುಟ್ಟೆಲ್ಲ ಆ ಸುಡುವುದರಲ್ಲಿದೆ. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳವಿರಬೇಕು. ಭಟ್ಟಿಯಿಳಿಸಿದ್ದನ್ನು ಒಳಗೆ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು. ಬಣ್ಣವನ್ನಾಗಲಿ ಪರಿಮಳವನ್ನಾಗಲಿ ಬೆರೆಸಕೂಡದು. ಇದು ಕಾನೂನು. 1964ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ತಮ್ಮ ದೇಶದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು. ಹೊಸ ಪೀಪಾಯಿಯೇ ಆಗಬೇಕಾದ್ದರಿಂದ ಒಮ್ಮೆ ಬಳಸಿದ್ದನ್ನು ಬೋರ್ಬನ್ನಿಗೆ ಮತ್ತೆ ಬಳಸುವಂತಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಬೆಂಗಳೂರಿಗೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಾರಾಟಕ್ಕಿಳಿದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಹಣ್ಣಾಗುವುದು ಬೋರ್ಬನ್ ಇದ್ದ ಇಂಥ ಪೀಪಾಯಿಗಳಲ್ಲಿ. ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶಕ್ಕೆ ಅವರು 'ದೇವದೂತರ ಪಾಲು' ಎನ್ನುತ್ತಾರೆ. ಕೆಂಟಕಿಯಲ್ಲಿ ಅದು ವರ್ಷಕ್ಕೆ ನೂರಕ್ಕೆ ನಾಲ್ಕೈದು. ಬೆಂಗಳೂರಿನ ಹವೆಯಲ್ಲಿ ಹತ್ತಕ್ಕೂ ಮೇಲೆ. ನಮ್ಮ ದೇವದೂತರಿಗೆ ಬಾಯಾರಿಕೆ ಹೆಚ್ಚು!

ಪಾನನಿಷೇಧದ ಕಥೆಯೂ ಈ ಊರಿನಲ್ಲಿ ಕಿವಿಗೆ ಬೀಳುತ್ತದೆ. 1920ರಿಂದ 1933ರವರೆಗೆ ದೇಶದಲ್ಲೆಲ್ಲ ಮದ್ಯ ನಿಷಿದ್ಧ; ಆದರೆ ವೈದ್ಯರು ಚೀಟಿ ಬರೆದರೆ ಔಷಧವೆಂದು ಹತ್ತು ದಿನಕ್ಕೊಂದು ಪೈಂಟ್ ವಿಸ್ಕಿ ಸಿಗುತ್ತಿತ್ತು. "ಇವರ ವೈದ್ಯರು ಚೀಟಿ ಬರೆದು ಕುಡಿಸಿದರು, ನನ್ನ ವೈದ್ಯರು ಚೀಟಿ ಬರೆದು ಬಿಡಿಸಿದರು" ಎಂದು ಮಿತ್ರರು ಗಟ್ಟಿಯಾಗಿ ನಕ್ಕರು. ಭಟ್ಟಿಯ ಸಂದರ್ಶನದ ಕೊನೆಯಲ್ಲಿ ರುಚಿ ನೋಡಲೆಂದು ಪುಟ್ಟ ಲೋಟಗಳನ್ನಿಟ್ಟಾಗ, ಅವರು ಒಂದನ್ನೆತ್ತಿ ಮೂಸಿದರು. ನನ್ನ ಎದೆ ಡವಗುಟ್ಟಿತು. "ವೆನಿಲ್ಲಾ, ಬೆಲ್ಲ, ಸುಟ್ಟ ಮರ" ಎಂದು ಪಾಠ ಒಪ್ಪಿಸುವವರಂತೆ ಹೇಳಿ, ಎಲ್ಲವನ್ನೂ ಪಕ್ಕದ ದಂಪತಿಗಳಿಗೆ ಕೊಟ್ಟುಬಿಟ್ಟರು.

ಅಂದು ರಾತ್ರಿ ನನಗೆ ಎಚ್ಚರವಾದಾಗ ಗಂಟೆ ಹನ್ನೊಂದಾಗಿತ್ತು. ಪಕ್ಕದ ಮಂಚ ಬರಿದಾಗಿತ್ತು. ಕೋಟನ್ನು ಹೇಗೋ ತೊಟ್ಟುಕೊಂಡು ಕೆಳಗೆ ಓಡಿದೆ. ಅವಳ ಮಗಳಿಗೆ ಏನು ಹೇಳಲಿ, ಹೋದವಳಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ. ಹಜಾರದ ಬಾರಿನ ಮೂಲೆಯಲ್ಲಿ ಮಿತ್ರರು ಕುಳಿತಿದ್ದರು. ಎದುರಿಗೆ ಲೋಟ, ಅದರಲ್ಲಿ ಜೇನಿನ ಬಣ್ಣದ ಬೋರ್ಬನ್.

"ಇದು ಎಷ್ಟನೆಯದು?" ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ಅವರು ಉತ್ತರಿಸುವ ಮೊದಲೇ ಬಾರಿನ ಯುವಕ ಹತ್ತಿರ ಬಂದು, "ಈ ಹಿರಿಯರಿಗೆ ಇದು ಒಪ್ಪಲಿಲ್ಲವೆಂದು ತೋರುತ್ತದೆ. ಒಂದು ಗಂಟೆಯಿಂದ ಬರಿದೆ ನೋಡುತ್ತಿದ್ದಾರೆ. ಬದಲಿಸಿಕೊಡಲೇ?" ಎಂದು ವಿನಯದಿಂದ ಕೇಳಿದ. ನನಗೆ ನಾಚಿಕೆಯಾಯಿತು. ಮಿತ್ರರು ದುಡ್ಡು ಕೊಟ್ಟು ಎದ್ದರು. ಮೆಟ್ಟಿಲು ಹತ್ತುವಾಗ ಮೆಲ್ಲಗೆ ಹೇಳಿದರು: "ಹನ್ನೊಂದು ವರ್ಷ ವೈದ್ಯರು ಕಾದರು, ಮಗಳು ಕಾದಳು, ಈಗ ನೀನು ಕಾಯುತ್ತಿದ್ದೀಯೆ. ಕಾವಲಿಲ್ಲದಿದ್ದರೆ ನಾನು ಯಾರು ಎಂದು ತಿಳಿಯಬೇಕಾಗಿತ್ತು."

ಅದು ಅಪಾಯದ ಪರೀಕ್ಷೆ. ನಾನು ಅದನ್ನು ಯಾರಿಗೂ ಶಿಫಾರಸು ಮಾಡಲಾರೆ. ಅವರಿಗೂ ಹಾಗೆಯೇ ಹೇಳಿದೆ. "ಇನ್ನೊಮ್ಮೆ ಮಾಡುವುದಿಲ್ಲ" ಎಂದರು. ನಾನು ನಂಬಿದೆ. ಕಾವಲಿಗಿಂತ ನಂಬುವುದು ಕಷ್ಟವೆಂದು ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಹೋಟೆಲಿನ ಪಕ್ಕದ ಮೂಲೆಯಲ್ಲಿ ಒಂದು ಫಲಕವನ್ನು ನೋಡಿದೆವು. 1958ರ ಮಾರ್ಚ್ 18ರಂದು ಥಾಮಸ್ ಮರ್ಟನ್ ಎಂಬ ಕ್ರೈಸ್ತ ಸಂನ್ಯಾಸಿ ಕೆಲಸದ ಮೇಲೆ ಪೇಟೆಗೆ ಬಂದವರು, ಇಲ್ಲಿ ಓಡಾಡುತ್ತಿದ್ದ ಅಪರಿಚಿತರೆಲ್ಲ ತಮ್ಮವರೇ ಎಂಬ ಭಾವದಿಂದ ಒಮ್ಮೆಲೇ ತುಂಬಿಹೋದರಂತೆ. ಅವರ ಗೆತ್ಸೆಮನಿ ಮಠದವರು ಇಂದು ಬೋರ್ಬನ್ ಬೆರೆಸಿದ ಮಿಠಾಯಿಯನ್ನು ಮಾರುತ್ತಾರೆ. ಆ ಮೂಲೆಯನ್ನು ಹಾದುಹೋಗುವ ರಸ್ತೆಗೆ ಈಗ ಮುಹಮ್ಮದ್ ಅಲಿಯ ಹೆಸರು. ಹನ್ನೆರಡನೆಯ ವಯಸ್ಸಿನಲ್ಲಿ ಸೈಕಲ್ಲು ಕಳುವಾದ ಸಿಟ್ಟಿಗೆ ಮುಷ್ಟಿಯುದ್ಧ ಕಲಿಯಹೋದ ಹುಡುಗ ಈ ಊರಿನವನು. ವಿಸ್ಕಿಯ ಊರಿನಲ್ಲಿ ಹುಟ್ಟಿ, ಮದ್ಯವನ್ನು ನಿಷೇಧಿಸುವ ಮತವನ್ನು ಸ್ವೀಕರಿಸಿದವನು. 2005ರಲ್ಲಿ ತೆರೆದ ಅವನ ಸ್ಮಾರಕ ಕೇಂದ್ರವನ್ನು ತಪ್ಪದೆ ನೋಡಬೇಕು.

ಮೇ ತಿಂಗಳ ಮೊದಲ ಶನಿವಾರ ಬಂದರೆ ಚರ್ಚಿಲ್ ಡೌನ್ಸ್ ಮೈದಾನದಲ್ಲಿ 1875ರಿಂದ ನಡೆದುಬಂದಿರುವ ಕೆಂಟಕಿ ಡರ್ಬಿ ಉಂಟು. ಪಂದ್ಯ ಎರಡು ನಿಮಿಷ. ಕೊಠಡಿಯ ಬಾಡಿಗೆ ಮಾತ್ರ ವರ್ಷವಿಡೀ ನೆನಪಿರುವಂಥದು. ಪುದೀನ ಹಾಕಿದ ಜೂಲೆಪ್ ಅಂದಿನ ಪಾನ. ಉಳಿದ ದಿನಗಳಲ್ಲಿ 1914ರಲ್ಲಿ ಕಟ್ಟಿದ 'ಬೆಲ್ ಆಫ್ ಲೂಯಿವಿಲ್' ಎಂಬ ಹಬೆಹಡಗಿನಲ್ಲಿ ನದೀವಿಹಾರ ಮಾಡಬಹುದು.

ನಮ್ಮ ಕೊನೆಯ ಗಂಟೆಗಳು ಬಿಗ್ ಫೋರ್ ಸೇತುವೆಯ ಮೇಲೆ ಕಳೆದವು. 1895ರಲ್ಲಿ ರೈಲಿಗೆಂದು ಕಟ್ಟಿದ್ದು; ರೈಲು ನಿಂತ ಮೇಲೆ ಎರಡೂ ತುದಿಯ ದಾರಿಗಳನ್ನು ಕಿತ್ತುಹಾಕಿದ್ದರಿಂದ ದಶಕಗಳ ಕಾಲ ಎಲ್ಲಿಗೂ ಹೋಗದ ಸೇತುವೆಯಾಗಿ ನದಿಯ ನಡುವೆ ನಿಂತಿತ್ತು. 2013ರಲ್ಲಿ ಪಾದಚಾರಿಗಳಿಗೆ ತೆರೆದರು. ಮಿತ್ರರು ಉಕ್ಕಿನ ತೊಲೆಗಳನ್ನು ತಟ್ಟುತ್ತ, ಯಾವುದು ಭಾರವನ್ನು ಎಳೆಯುತ್ತದೆ, ಯಾವುದು ತಳ್ಳುತ್ತದೆ ಎಂದು ವಿವರಿಸುತ್ತ ಆಚೆಯ ಇಂಡಿಯಾನಾ ದಂಡೆಯವರೆಗೂ ನಡೆದರು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ, ಹಿಂದಿನ ರಾತ್ರಿಯ ಸಂಗತಿಯನ್ನು ಏನೂ ಮುಚ್ಚದೆ ತಾವೇ ಹೇಳಿದರು. ಅತ್ತಲಿಂದ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ, "ಅಪ್ಪಾ, ಊಟಕ್ಕೆ ಏನು ಮಾಡಿರಲಿ?" ಎಂದು ಕೇಳಿದಳಂತೆ.

ಪತ್ರ ಬರೆದ ವಾಚಕರೇ, ಸೀಲ್‌ಬಾಕಿನಲ್ಲೋ ಬ್ರೌನಿನಲ್ಲೋ ಇಳಿಯಿರಿ. ಹೆಚ್ಚಿನವು ನಡಿಗೆಯ ದೂರದಲ್ಲಿವೆ, ಕಾರನ್ನು ಮುಟ್ಟಬೇಡಿ. ದಿನಕ್ಕೊಂದೇ ಭಟ್ಟಿ ನೋಡಿ, ನಡುವೆ ನೀರು ಕುಡಿಯಿರಿ. ನಿಮ್ಮ ಜೊತೆ ಬಂದವರು ಲೋಟವನ್ನು ಬೇಡವೆಂದು ಸರಿಸಿದರೆ ಕಾರಣ ಕೇಳಬೇಡಿ, ಒತ್ತಾಯವನ್ನಂತೂ ಮಾಡಲೇಬೇಡಿ. ಕುಡಿಯದವರಿಗೂ ಆ ಊರಿನಲ್ಲಿ ನೋಡಲು ಬೇಕಾದಷ್ಟಿದೆ ಎಂಬುದಕ್ಕೆ ನಾವಿಬ್ಬರೂ ಸಾಕ್ಷಿ.