ಹೊತ್ತು ತಂದ ನಾಯಿ

‘ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೇ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಓದಲೊಲ್ಲದ ಮಗನಿಗೆ, ಕೆಲಸಕ್ಕೆ ಹೋಗಲೊಲ್ಲದ ಅಳಿಯನಿಗೆ ಅದು ಸದಾ ಸಿದ್ಧವಾಗಿರುತ್ತದೆ. ಆದರೆ ಯಾರೂ ಹೊತ್ತೊಯ್ಯದೆ ತಾನಾಗಿಯೇ ಓಡಿಹೋಗಿ, ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಹಕ್ಕಿ ಎಬ್ಬಿಸಿಕೊಟ್ಟು, ಕೊನೆಗೆ ಗೋಣಿತಾಟಿನಲ್ಲಿ ಹೊತ್ತು ತರಬೇಕಾಗಿ ಬಂದ ನಾಯಿಯ ಮೇಲೆ ಒಂದಾದರೂ ಗಾದೆ ಇದೆಯೇ? ನಾನಂತೂ ಕೇಳಿಲ್ಲ. ಗಾದೆ ಕಟ್ಟಿದವರು ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಕುಳಿತವರಿರಬೇಕು. ಹೊತ್ತು ತಂದ ನಾಯಿಯನ್ನು ಇಳಿಸುವುದು ಹಿತ್ತಿಲಿನಲ್ಲಿ.

ನಾನು ಮದುವೆಯಾಗಿ ಬಂದದ್ದು ತೀರ್ಥಹಳ್ಳಿ ಕಡೆಯ ಮನೆಗೆ. ಈಗ ನಮ್ಮ ಸಂಸಾರ ಶಿವಮೊಗ್ಗದಲ್ಲಿ. ಹಬ್ಬಹರಿದಿನಕ್ಕೆ ಊರಿಗೆ ಹೋದಾಗಲೆಲ್ಲ ಜಗಲಿಯಲ್ಲಿ ಬೇಟೆಯ ಕತೆ ಇದ್ದದ್ದೇ. ಕತೆ ಹೇಳುವುದರಲ್ಲಿ ನಮ್ಮ ಗಂಡಸರು ಗಟ್ಟಿಗರು, ಒಪ್ಪುತ್ತೇನೆ. ಬೆಳಗಿನ ಮಂಜು, ಕಾಡುಕೋಳಿಯ ಕೂಗು, ಕೋವಿ ಎತ್ತಿದ ಚುರುಕು, ಗುರಿ ತಪ್ಪದ ಈಡು, ಎಲ್ಲ ಅದರಲ್ಲಿರುತ್ತದೆ. ನಾಯಿಯೂ ಇರುತ್ತದೆ. ಆದರೆ ಹಕ್ಕಿ ಬೀಳುವ ತನಕ ಮಾತ್ರ. ಹಕ್ಕಿ ಬಿದ್ದ ಮೇಲೆ ನಾಯಿಗೆ ಏನಾಯಿತು, ಅದು ಕುಂಟುತ್ತ ಬಂತೋ ನಡೆಯುತ್ತ ಬಂತೋ, ಕತೆ ಹೇಳುವವರಿಗೆ ಬೇಡ. ಕೇಳುವವರಿಗೂ ಬೇಡ. ನನ್ನ ಜಗಳ ಇರುವುದು ಅಲ್ಲಿಯೇ.

ಕೋವಿ ಹಿಡಿದವನ ಹಕ್ಕಿ ಬೇಟೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ನಾಯಿಯದು. ಬಯಲುಸೀಮೆಯಲ್ಲಿ ಕೌಜುಗ, ಲಾವುಗೆ, ನಮ್ಮ ಮಲೆನಾಡಿನಲ್ಲಿ ಕಾಡುಕೋಳಿ, ಯಾವುದೂ ಮನುಷ್ಯನ ಕಣ್ಣಿಗೆ ಸುಲಭಕ್ಕೆ ಬೀಳುವ ಹಕ್ಕಿಯಲ್ಲ. ಪೊದೆಯೊಳಗೆ ಕಾಲಿನಲ್ಲೇ ಓಡಿ ಮರೆಯಾಗುವುದು ಅವುಗಳ ಜಾಣತನ. ಅದನ್ನು ಮೂಗಿನಲ್ಲಿ ಹಿಡಿಯಬೇಕಾದದ್ದು ನಾಯಿ. ಬಿಳಿಯರು ಇದಕ್ಕೆಂದೇ ತಳಿಗಳನ್ನು ಬೆಳೆಸಿದರು. ಹಕ್ಕಿಯ ವಾಸನೆ ಸಿಕ್ಕಲ್ಲಿ ಕಂಬದಂತೆ ನಿಂತು ತೋರಿಸುವುದು ಪಾಯಿಂಟರ್, ಪೊದೆಗೆ ನುಗ್ಗಿ ಎಬ್ಬಿಸುವುದು ಸ್ಪ್ಯಾನಿಯಲ್, ಬಿದ್ದ ಹಕ್ಕಿಯನ್ನು ಹಲ್ಲು ಊರದೆ ಬಾಯಲ್ಲಿ ಹಿಡಿದು ತರುವುದು ರಿಟ್ರೀವರ್. ನಮ್ಮೂರಿನ ನಾಯಿಗೆ ಈ ಹೆಸರು ಯಾವುದೂ ಇಲ್ಲ. ಮೂರು ಕೆಲಸವನ್ನೂ ಅದೊಂದೇ ಮಾಡುತ್ತದೆ. ಸಂಬಳ, ತಣ್ಣಗಾದ ಅನ್ನ.

ಇನ್ನು ಗಾಯದ ಮಾತು. ತೋಟಾ ಕೋವಿಯಿಂದ ಹೊರಡುವುದು ಒಂದು ಗುಂಡಲ್ಲ, ರಾಶಿ ಚರೆ. ದೂರ ಹೋದಂತೆಲ್ಲ ಅದು ಹರಡುತ್ತದೆ. ನಾಯಿ ಎಬ್ಬಿಸಿದ ಹಕ್ಕಿ ಇನ್ನೂ ನೆಲ ಬಿಟ್ಟು ಮೊಳದೆತ್ತರ ಏರಿರುವುದಿಲ್ಲ, ನಾಯಿ ಅದರ ಬೆನ್ನಿಗೇ ಇರುತ್ತದೆ. ಆಗ ಅವಸರಗೇಡಿಯೊಬ್ಬ ಕುದುರೆ ಎಳೆದರೆ ಚರೆ ಹಕ್ಕಿ ಯಾವುದು, ನಾಯಿ ಯಾವುದು ಎಂದು ಕೇಳುವುದಿಲ್ಲ. ಇದಲ್ಲದೆ ಮುಳ್ಳುತಂತಿ ಬೇಲಿ, ಯಾರೋ ಕಟ್ಟಿಟ್ಟ ಉರುಳು, ಬಿದಿರಿನ ಕೂಳೆ, ಹಾವು. ಕಾಡಿಗೆ ಹೋದ ನಾಯಿ ಹೋದ ಹಾಗೇ ಬಂದರೆ ಅದೇ ದೊಡ್ಡದು.

ಹಕ್ಕಿ ಬೇಟೆ ಕಾನೂನಿಗೆ ವಿರುದ್ಧ ಎಂಬುದು ಗೊತ್ತಿಲ್ಲದವರು ಯಾರೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು 1972ರಲ್ಲಿ. ಆಗ ಪರವಾನಗಿ ಪಡೆದು ಸಣ್ಣ ಬೇಟೆ ಆಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಪರವಾನಗಿಯನ್ನೂ ತೆಗೆದುಹಾಕಿತು. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಅಪರಾಧದ ದಂಡ 25 ಸಾವಿರದಿಂದ ಒಂದು ಲಕ್ಷ ರೂಪಾಯಿಗೆ ಏರಿತು. ಮೂರು ವರ್ಷದ ತನಕ ಸೆರೆವಾಸ ಆ ತಿದ್ದುಪಡಿಗೂ ಮುಂಚೆಯೇ ಇತ್ತು. ಬೇಟೆ ನಿಂತಿತೇ? ಬೆಳೆ ಕಾಯಲೆಂದು ಪಡೆದ ಕೋವಿ ಭಾನುವಾರ ಏನು ಕಾಯುತ್ತದೆ ಎಂದು ಊರಿಗೆಲ್ಲ ಗೊತ್ತು. ಬೇಟೆ ನಿಲ್ಲಲಿಲ್ಲ, ಗುಟ್ಟಾಯಿತು, ಅಷ್ಟೇ. ಆ ಗುಟ್ಟಿನ ಬೆಲೆಯನ್ನು ತೆರುವುದು ಯಾರು? ಕೋವಿಯವನಲ್ಲ, ನಾಯಿ.

ಕೆಂಚ ಎಂಬುದು ನಮ್ಮ ಊರಿನ ಮನೆಯ ನಾಯಿ. ಕೆಲವು ವರ್ಷದ ಹಿಂದೆ ಮಾವನವರ ತಿಥಿಗೆಂದು ಹೋದವಳಿಗೆ ಬಾಗಿಲಲ್ಲಿ ಅದು ಎದುರಾಗಲಿಲ್ಲ. ಸೌದೆ ಕೊಟ್ಟಿಗೆಯಿಂದ ಒಂದು ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಹಿಂಗಾಲು ಕುಂಬಳಕಾಯಿಯಂತೆ ಊದಿಕೊಂಡು, ಅರಿಶಿನವೂ ಸೀಮೆಎಣ್ಣೆಯೂ ಮೆತ್ತಿದ ಗಾಯದ ಸುತ್ತ ನೊಣ ಮುತ್ತಿಕೊಂಡು, ಕೆಂಚ ಮಲಗಿತ್ತು. ಬಾಲ ಮಾತ್ರ ಎರಡು ಸಲ ನೆಲಕ್ಕೆ ಬಡಿಯಿತು. ಆಗಿ ಮೂರು ದಿನವಾಗಿತ್ತಂತೆ. ಮೈದುನನ ಗೆಳೆಯನೊಬ್ಬ ಪೇಟೆಯಿಂದ ಬಂದವನು ಕಾಡುಕೋಳಿಗೆ ಹೊಡೆದ ಈಡು. ಕೋಳಿಯೂ ಬಿದ್ದಿತ್ತು. ಅದನ್ನು ಅಂದೇ ಸಾರು ಮಾಡಿ ಉಂಡಿದ್ದರು.

‘ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?’ ಎಂದು ಕೇಳಿದೆ. ಮೈದುನ ನೆಲ ನೋಡಿದ. ‘ಒಯ್ದರೆ ಡಾಕ್ಟ್ರು ಚರೆ ನೋಡ್ತಾರೆ ಅತ್ತಿಗೆ. ಫಾರೆಸ್ಟಿನವರ ಕಿವಿಗೆ ಬಿದ್ರೆ ಏನು ಗತಿ? ಹೇಗೂ ಹೋಗೋದಿದ್ರೆ ತಂತಿ ಗೀರಿದ್ದು ಅಂತ ಹೇಳಿ, ಸಾಕು.’ ತಂತಿ ಗೀರಿದ ಗಾಯಕ್ಕೆ ವೈದ್ಯರು ಹೊಲಿಗೆ ಹಾಕಿ ಕಳಿಸುತ್ತಾರೆ. ಒಳಗೆ ಸೀಸದ ಚರೆ ಕೂತಿದೆ ಎಂದು ಹೇಳದಿದ್ದರೆ ಅವರು ಹುಡುಕುವುದಾದರೂ ಯಾಕೆ?

ನಮ್ಮ ಅತ್ತೆಗೆ ಆಗ ಎಪ್ಪತ್ತು ದಾಟಿತ್ತು. ಮಗನ ಎದುರು ಹೆಚ್ಚು ಮಾತಾಡುವವರಲ್ಲ. ಅಂದು ಗೋಣಿತಾಟು ತಂದು ನನ್ನ ಕೈಗೆ ಕೊಟ್ಟು, ‘ಅದಕ್ಕೆ ಬಾಯಿ ಇದ್ದಿದ್ರೆ ಅದೇ ಹೇಳ್ತಿತ್ತು. ನಿಂಗೆ ಉಂಟಲ್ಲ, ಹೋಗಿ ಹೇಳು’ ಎಂದರು. ಇಬ್ಬರೂ ಸೇರಿ ಅದನ್ನು ಆಟೋಕ್ಕೆ ಎತ್ತಿದೆವು. ಆಸ್ಪತ್ರೆಯಲ್ಲಿ ಹೇಳಿದೆ, ಕೋವಿಯ ಚರೆ ತಗಲಿದೆ ಎಂದು. ವೈದ್ಯರು ಯಾರ ಹೆಸರನ್ನೂ ಕೇಳಲಿಲ್ಲ. ‘ಮೂರು ದಿನ ತಡ ಯಾಕೆ ಮಾಡಿದಿರಿ?’ ಎಂದು ಮಾತ್ರ ಕೇಳಿದರು. ಎಕ್ಸ್‌ರೇಯಲ್ಲಿ ಹನ್ನೊಂದು ಚರೆ ಕಂಡಿತು. ಮೂಳೆ ಮುರಿದಿರಲಿಲ್ಲ. ಕೀಲಿನ ಹತ್ತಿರದ ಎರಡನ್ನು ತೆಗೆದರು, ಕೀವು ಹರಿಸಿದರು. ಮಾಂಸದ ಆಳದಲ್ಲಿ ಕೂತ ಉಳಿದವನ್ನು ಕೆದಕಿದರೆ ಹಾನಿಯೇ ಹೆಚ್ಚು ಎಂದು ಬಿಟ್ಟರು. ಮೊದಲ ದಿನವೇ ತಂದಿದ್ದರೆ ಇಷ್ಟು ಕೀವಾಗುತ್ತಿರಲಿಲ್ಲ, ಕಾಲು ಕುಂಟಾಗುತ್ತಿರಲಿಲ್ಲ ಎಂದರು.

ಆಮೇಲಿನ ಒಂದೂವರೆ ತಿಂಗಳು ದಿನಕ್ಕೆ ಎರಡು ಸಲ ಗಾಯ ತೊಳೆದು ಕಟ್ಟಿದ್ದು ಅತ್ತೆ. ಗಾಯ ನೆಕ್ಕದಂತೆ ಹಳೆಯ ಪ್ಲಾಸ್ಟಿಕ್ ಬಕೆಟಿನ ತಳ ಕತ್ತರಿಸಿ ಕೊರಳಿಗೆ ಹಾಕಿದ್ದು ಅತ್ತೆ. ಮಾತ್ರೆಯನ್ನು ಬೆಲ್ಲದಲ್ಲಿ ಹುದುಗಿಸಿ ತಿನ್ನಿಸಿದ್ದೂ ಅತ್ತೆ. ಈಡು ಹೊಡೆದ ಗೆಳೆಯ ಆ ಮೇಲೆ ಎರಡು ಸಲ ಬಂದು ಹೋದ. ಜಗಲಿಯಿಂದ ಹಿತ್ತಿಲಿಗೆ ಮೂವತ್ತು ಹೆಜ್ಜೆಯೂ ಇಲ್ಲ, ಆತ ಅತ್ತ ಸುಳಿಯಲಿಲ್ಲ. ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುವ ಕಾಲು ಅದು.

ನಾನು ವೈದ್ಯರ ಹತ್ತಿರ ನಿಜ ಹೇಳಿದ್ದಕ್ಕೆ ಮನೆತನದ ಮರ್ಯಾದೆ ಹೋಯಿತೆಂದು ಕೆಲವರು ಮಾತು ಬಿಟ್ಟರು. ಮೂಕಪ್ರಾಣಿ ಮೂರು ದಿನ ಕೊಟ್ಟಿಗೆಯಲ್ಲಿ ಕೊಳೆತರೆ ಹೋಗದ ಮರ್ಯಾದೆ, ಅದನ್ನು ವೈದ್ಯರಿಗೆ ತೋರಿಸಿದರೆ ಹೋಗುತ್ತದೆಯೇ? ಇಂಥ ಮರ್ಯಾದೆಯ ಪರಿಚಯ ನಮಗೆ ಹೆಂಗಸರಿಗೆ ಇಲ್ಲದ್ದೇನಲ್ಲ. ಮನೆಯ ಸೊಸೆಯ ಮೈಮೇಲಿನ ಬಾಸುಂಡೆಯನ್ನೂ ‘ಬಚ್ಚಲಲ್ಲಿ ಜಾರಿ ಬಿದ್ದಳು’ ಎಂದು ವೈದ್ಯರಿಗೆ ಹೇಳಿಸುವುದು ಇದೇ ಮರ್ಯಾದೆ. ‘ತಂತಿ ಗೀರಿದ್ದು’ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ಅದೇ.

ಬೇಟೆ ನಮ್ಮ ಸಂಸ್ಕೃತಿ ಎನ್ನುವವರಿಗೆ ಒಂದು ಕಲ್ಲಿನ ಕತೆ ಹೇಳುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಆ ಶಾಸನ ಈಗ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ.ಶ. 950ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದನಂತೆ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತವು. ಮಣಲೇರ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಿಸಿದ. ಅವನು ಬೇಟೆಯಾಡಿದ್ದು ಸರಿಯೋ ತಪ್ಪೋ, ಆ ಕಾಲ ಬೇರೆ. ಆದರೆ ತನಗಾಗಿ ಸತ್ತ ನಾಯಿಯನ್ನು ಅವನು ಬಚ್ಚಿಡಲಿಲ್ಲ. ಊರ ನಡುವೆ, ದೇವರ ಎದುರಿಗೆ, ಹೆಸರು ಬರೆಸಿ ನಿಲ್ಲಿಸಿದ. ಸಂಸ್ಕೃತಿ ಎನ್ನುವುದಾದರೆ ಅದನ್ನು ಅನ್ನಿ. ಸೌದೆ ಕೊಟ್ಟಿಗೆಯ ಕತ್ತಲೆಗೆ ಆ ಹೆಸರು ಬೇಡ.

‘ನಾಯಿಗೆ ಬೇಟೆಯೆಂದರೆ ಜೀವ, ಕರೆಯದಿದ್ದರೂ ಓಡಿ ಬರುತ್ತದೆ’ ಎಂಬುದು ಇನ್ನೊಂದು ಮಾತು. ನಿಜ, ಓಡಿ ಬರುತ್ತದೆ. ಮಕ್ಕಳೂ ಬೆಂಕಿ ಕಂಡರೆ ಓಡಿ ಬರುತ್ತವೆ. ಅದರ ಖುಷಿ ನಮ್ಮನ್ನು ನಂಬಿದ ಖುಷಿ. ನಂಬಿಸಿದವನ ಮೇಲೆ ಹೊಣೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ‘ಕೋಳಿ ತಿನ್ನುವ ಮನೆಯವರಿಗೆ ಕಾಡುಕೋಳಿಯ ಮೇಲೆ ಯಾಕೆ ಕರುಣೆ?’ ಎಂದೂ ಕೇಳಿದ್ದಾರೆ. ಹೌದು, ನಮ್ಮದು ಕೋಳಿ ತಿನ್ನುವ ಮನೆಯೇ. ಪೇಟೆಯಲ್ಲಿ ಗಲ್ಲಿಗೊಂದು ಕೋಳಿ ಅಂಗಡಿ ಇರುವಾಗ, ಹೊಟ್ಟೆಗಿಲ್ಲದೆ ಕಾಡಿಗೆ ಹೋದೆವೆಂದು ಮಾತ್ರ ಯಾರೂ ಹೇಳಬಾರದು.

ಕಾಯಿದೆಯ ವಿಚಿತ್ರವನ್ನೂ ನೋಡಿ. ಸತ್ತ ಹಕ್ಕಿಗೆ ಒಂದು ಲಕ್ಷದ ತನಕ ದಂಡವಿದೆ. ಅದೇ ನಾಯಿಯನ್ನು ಹಿಂಸೆಗೆ ಗುರಿಮಾಡಿದವನಿಗೆ, ಸಾಕಿದ ಪ್ರಾಣಿಯನ್ನು ಅನ್ನನೀರಿಲ್ಲದೆ ನರಳಲು ಬೀದಿಗೆ ಬಿಟ್ಟವನಿಗೆ, 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಬರೆದಿಟ್ಟ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಒಂದು ಸೇರು ಅಕ್ಕಿಯ ಬೆಲೆ. ಹಾಗಾಗಿ ಕುಂಟುವ ನಾಯಿಯನ್ನು ಸಂತೆಯ ದಿನ ಜೀಪಿನಲ್ಲಿ ಒಯ್ದು ದೂರದೂರಿನಲ್ಲಿ ಬಿಟ್ಟು ಬರುವವರಿಗೆ ಯಾವ ಹೆದರಿಕೆಯೂ ಇಲ್ಲ. ಮನೆಗೆ ಹೊಸ ಮರಿ ಬರುತ್ತದೆ, ಕತೆ ಮುಂದುವರಿಯುತ್ತದೆ.

ಇದನ್ನು ಓದುವ ನಿಮ್ಮಲ್ಲಿ ಹಲವರಿಗೆ ಇಂಥ ತವರುಮನೆ, ಇಂಥ ಅತ್ತೆಮನೆ ಇದ್ದೀತು. ಬೇಟೆಯ ಗಾಯವೇ ಆಗಲಿ, ಬೇಲಿಯ ಗಾಯವೇ ಆಗಲಿ, ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ರಕ್ತ ಸುರಿಯುತ್ತಿದ್ದರೆ ಮಡಿಸಿದ ಶುಭ್ರ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ನೋವಿನಲ್ಲಿ ಸಾಕಿದವರನ್ನೂ ನಾಯಿ ಕಚ್ಚುತ್ತದೆ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಮೂತಿಗೆ ಮೆತ್ತನೆಯ ಬಟ್ಟೆ ಕಟ್ಟಿ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಬಹುದು. ಸೀಮೆಎಣ್ಣೆ, ಸುಣ್ಣ, ಬೂದಿ ಬೇಡವೇ ಬೇಡ, ಅವು ಹಸಿ ಮಾಂಸವನ್ನು ಇನ್ನಷ್ಟು ಕೆಡಿಸುತ್ತವೆ. ಚರೆಯನ್ನು ಸೂಜಿಯಿಂದ ಕೆದಕಬೇಡಿ. ನಾವು ನುಂಗುವ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಐಬುಪ್ರೊಫೇನ್, ಪ್ಯಾರಾಸಿಟಮಾಲ್‌ಗಳನ್ನು ನೀವಾಗಿ ಕೊಡಬೇಡಿ. ತೆರೆದ ಗಾಯದಲ್ಲಿ ನೊಣ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳವಾಗುತ್ತದೆ, ಆದ್ದರಿಂದ ನಾಳೆ ನೋಡೋಣ ಎನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ವೈದ್ಯರಿಗೆ ಆದದ್ದನ್ನು ಆದ ಹಾಗೆ ಹೇಳಿ.

ಬೇಟೆ ನಿಲ್ಲಿಸುವ ಅಧಿಕಾರ ನಮಗಿಲ್ಲ ಎನ್ನುತ್ತೀರಿ. ಒಲೆ ನಮ್ಮ ಕೈಯಲ್ಲಿದೆಯಲ್ಲ? ಮಸಾಲೆ ಅರೆಯುವ ಕೈಯೂ ನಮ್ಮದೇ. ಭಾನುವಾರ ಮಧ್ಯಾಹ್ನ ರೆಕ್ಕೆಪುಕ್ಕದ ಗಂಟೊಂದನ್ನು ಅಡುಗೆಮನೆಯ ಹೊಸಿಲಲ್ಲಿ ಇಟ್ಟು ‘ಖಾರ ಜೋರಾಗಿರಲಿ’ ಎಂದು ಹೇಳಿ ಹೋಗುವವರಿಗೆ, ಇದನ್ನು ನಾನು ಬೇಯಿಸುವುದಿಲ್ಲ ಎಂದು ಹೇಳಲು ಯಾವ ಕಾಯಿದೆಯೂ ಬೇಕಿಲ್ಲ. ಬೇಯದ ಹಕ್ಕಿಗಾಗಿ ಯಾರೂ ಎರಡನೆಯ ಭಾನುವಾರ ಬೆಳಗಿನ ಜಾವ ಏಳುವುದಿಲ್ಲ. ಏಳುವವರಿದ್ದರೆ, ಗಾಯ ತೊಳೆಯುವ ಬಿಸಿನೀರನ್ನೂ ಅವರೇ ಕಾಯಿಸಿಕೊಳ್ಳಲಿ.